ಬಾಗಿಲಿಗೆ ಬೀಗ ಹಾಕುವ ಮುನ್ನ

ಕೆಲವು ತಿಂಗಳ ಹಿಂದಿನ ಮಾತು. ಭಾನುವಾರದ ಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಬಳಿಕ ಹಿರಿಯ ತಾಯಿಯೊಬ್ಬರು ಧರ್ಮಕೇಂದ್ರದ ಕಚೇರಿಯ ಬಾಗಿಲಲ್ಲಿ ಬಂದು ನಿಂತರು. ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಿದ್ದ ಬೀಗದ ಕೈಯೊಂದನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಪತಿಯ ನಿವೃತ್ತಿಯ ಹಣದಿಂದ ಸೇಡಂ ರಸ್ತೆಯ ಬಡಾವಣೆಯೊಂದರಲ್ಲಿ ಕಟ್ಟಿಸಿದ ಮನೆ ಅವರದು. ಕೆಳಗೆ ತಾವು, ಮೇಲೆ ಬಾಡಿಗೆಯವರು. ಪತಿ ತೀರಿಕೊಂಡ ಮೇಲೆ ಆ ಬಾಡಿಗೆಯೇ ಅವರ ಔಷಧಿ, ಅಡುಗೆ ಅನಿಲ, ಕರೆಂಟು ಬಿಲ್ಲುಗಳಿಗೆಲ್ಲ ಆಧಾರ. ಮೇಲಿನ ಮನೆಯ ಯುವಕ ನಾಲ್ಕು ತಿಂಗಳಿಂದ ಬಾಡಿಗೆ ಕೊಟ್ಟಿರಲಿಲ್ಲ. ಬೆಂಗಳೂರಿನಲ್ಲಿರುವ ಮಗ ದೂರವಾಣಿಯಲ್ಲಿ ಹೇಳಿದ ಉಪಾಯದಂತೆ, ಆ ಕುಟುಂಬ ಊರಿಗೆ ಹೋಗಿದ್ದಾಗ ಈ ತಾಯಿ ಬಾಗಿಲಿಗೆ ತಮ್ಮದೊಂದು ಬೀಗ ಜಡಿದರು. ಸಂಜೆ ಹಿಂದಿರುಗಿದ ಗಂಡ ಹೆಂಡತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತರು. ರಾತ್ರಿ ಹತ್ತರವರೆಗೆ ಕುಳಿತೇ ಇದ್ದರು. ಕೊನೆಗೆ ಈಕೆಯೇ ಎದ್ದು ಹೋಗಿ ಬೀಗ ತೆಗೆದರು.

“ಮನಿ ನಂದು, ಬೀಗ ನಂದು. ಕಿರಾಯಿ ಕೊಡಲಾರದವ ಅಂವ. ಹಂಗಿದ್ರೂ ನನಗೇ ನಿದ್ದಿ ಹತ್ತಲಿಲ್ಲ. ತಪ್ಪು ನಂದಾತೇನ್ರಿ ಫಾದರ್?” ಎಂದು ಅವರು ಕೇಳಿದರು.

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಅವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಆ ಪ್ರಶ್ನೆ ಅವರೊಬ್ಬರದಲ್ಲ ಎಂಬುದೇ ಇದಕ್ಕೆ ಕಾರಣ.

ನಮ್ಮ ಸೇಡಂ ರಸ್ತೆಯನ್ನೇ ನೋಡಿ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಈ ರಸ್ತೆಯಲ್ಲಿದೆ. ಇ.ಎಸ್.ಐ. ವೈದ್ಯಕೀಯ ಮಹಾವಿದ್ಯಾಲಯ ಮತ್ತು ಆಸ್ಪತ್ರೆ ಇಲ್ಲಿವೆ. 2019ರ ನವೆಂಬರ್‌ನಲ್ಲಿ ಆರಂಭವಾದ ವಿಮಾನ ನಿಲ್ದಾಣಕ್ಕೂ ಇದೇ ದಾರಿ. ಮುಂದೆ ಸಾಗಿದರೆ ಮಳಖೇಡ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳು. ಓದಲು ಬರುವ ಮಕ್ಕಳು, ಆಸ್ಪತ್ರೆಯ ದಾದಿಯರು, ಗುತ್ತಿಗೆ ನೌಕರರು, ವರ್ಗವಾಗಿ ಬರುವ ಅಧ್ಯಾಪಕರು, ಇವರಿಗೆಲ್ಲ ಮೊದಲು ಬೇಕಾದದ್ದು ಒಂದು ಬಾಡಿಗೆ ಮನೆ. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ರೈತನೂ ಮಗಳನ್ನು ಪದವಿಗೆ ಕಳುಹಿಸುವಾಗ ಮೊದಲು ಹುಡುಕುವುದು ನಂಬಿಗಸ್ತರ ಮನೆಯಲ್ಲೊಂದು ಕೋಣೆಯನ್ನು. ನಮ್ಮ ಕಥೋಲಿಕ ಕುಟುಂಬಗಳಲ್ಲಿ ಕೆಲವರು ಮಾಲೀಕರು. ಮಂಗಳೂರು, ಕೇರಳ, ತಮಿಳುನಾಡುಗಳಿಂದ ಉದ್ಯೋಗಕ್ಕಾಗಿ ಬಂದ ಅನೇಕರು ಬಾಡಿಗೆದಾರರು. ಈ ಅಂಕಣವನ್ನು ಕೆಳಗಿನ ಮನೆಯಲ್ಲಿ ಓದುವವರೂ ಇದ್ದಾರೆ, ಮೇಲಿನ ಮನೆಯಲ್ಲಿ ಓದುವವರೂ ಇದ್ದಾರೆ. ಆದುದರಿಂದ ಒಂದು ಕಡೆಯ ವಕಾಲತ್ತು ವಹಿಸುವ ಉದ್ದೇಶ ನನಗಿಲ್ಲ.

ಮೊದಲು ಕಾನೂನು ಏನು ಹೇಳುತ್ತದೆಂದು ತಿಳಿಯೋಣ. ಏಕೆಂದರೆ ಈ ವಿಷಯದಲ್ಲಿ ನಮ್ಮ ಜನರ ತಿಳಿವಳಿಕೆ ಬಹುಮಟ್ಟಿಗೆ ಕೇಳಿದ ಮಾತುಗಳ ಮೇಲೆ ನಿಂತಿದೆ.

ಹೈದರಾಬಾದ್ ರಾಜ್ಯದಲ್ಲಿದ್ದ ಕಾಲಕ್ಕೆ ನಮ್ಮ ಭಾಗಕ್ಕೆ 1954ರ ಹೈದರಾಬಾದ್ ಮನೆಬಾಡಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತಿತ್ತು. ಏಕೀಕರಣದ ನಂತರ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಕ್ರಮವನ್ನು ತಂದಿತು. ಮನೆಗಳ ಕೊರತೆಯ ಆ ದಿನಗಳಲ್ಲಿ ಬಾಡಿಗೆದಾರನ ರಕ್ಷಣೆಯೇ ಆ ಕಾಯ್ದೆಗಳ ಗುರಿಯಾಗಿತ್ತು. ರಕ್ಷಣೆ ಅತಿಯಾದಲ್ಲಿ ಮಾಲೀಕನಿಗೆ ಅನ್ಯಾಯವಾದದ್ದೂ ಉಂಟು. ದಶಕಗಳ ಹಿಂದಿನ ಪುಡಿಗಾಸಿನ ಬಾಡಿಗೆಗೆ ನಡುಬಜಾರಿನ ಕಟ್ಟಡಗಳು ಸಿಕ್ಕಿಬಿದ್ದವು. ಕೊಟ್ಟರೆ ಮರಳಿ ಬಾರದೆಂಬ ಭಯದಿಂದ ಮನೆಗಳನ್ನು ಖಾಲಿ ಇಟ್ಟವರೂ ಇದ್ದರು. ಇದನ್ನು ಸರಿದೂಗಿಸಲು ಬಂದದ್ದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಅದು ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಕಾಯ್ದೆಯ ಹೆಸರಿನಿಂದಲೇ ‘ನಿಯಂತ್ರಣ’ ಎಂಬ ಪದ ಬಿದ್ದುಹೋದುದನ್ನು ಗಮನಿಸಬೇಕು.

ಹೆಸರಿನೊಡನೆ ವ್ಯಾಪ್ತಿಯೂ ಕಿರಿದಾಯಿತು. ಕಾಯ್ದೆಯ ಮೊದಲನೆಯ ಅನುಸೂಚಿಯ ‘ಎ’ ಭಾಗದಲ್ಲಿ ಹೆಸರಿಸಿದ ಪ್ರದೇಶಗಳಲ್ಲಿ ತಿಂಗಳ ಬಾಡಿಗೆ 3500 ರೂಪಾಯಿ, ಉಳಿದೆಡೆ 2000 ರೂಪಾಯಿ ಮೀರಿದ ಮನೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. 14 ಚದರ ಮೀಟರಿಗಿಂತ ದೊಡ್ಡದಾದ ಅಂಗಡಿ ಮಳಿಗೆಗಳಿಗೂ ಅನ್ವಯಿಸುವುದಿಲ್ಲ. ಇಂದು ಸೇಡಂ ರಸ್ತೆಯ ಆಸುಪಾಸಿನಲ್ಲಿ ಒಂದು ಸಾಧಾರಣ ಕುಟುಂಬದ ಮನೆ 3500 ರೂಪಾಯಿಗೆ ಸಿಕ್ಕೀತೇ? ಎಂದರೆ ನಮ್ಮಲ್ಲಿ ಹೆಚ್ಚಿನ ಮಾಲೀಕರೂ ಬಾಡಿಗೆದಾರರೂ ಬಾಡಿಗೆ ಕಾಯ್ದೆಯ ಹೊರಗಿದ್ದಾರೆ. ಅವರನ್ನು ಆಳುವುದು ಬ್ರಿಟಿಷರ ಕಾಲದ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ಅವರವರೇ ಬರೆದುಕೊಂಡ ಕರಾರು ಪತ್ರ.

ಈ ಹಳೆಯ ಕಾಯ್ದೆಯ ಕೆಲವು ಮಾತುಗಳು ಪ್ರತಿ ಮಾಲೀಕನಿಗೂ ತಿಳಿದಿರಬೇಕು. ತಿಂಗಳ ಬಾಡಿಗೆಯ ಒಪ್ಪಂದವನ್ನು ಕೊನೆಗೊಳಿಸಲು 106ನೇ ಕಲಮಿನ ಪ್ರಕಾರ ಲಿಖಿತವಾದ, ಸಹಿ ಮಾಡಿದ, 15 ದಿನಗಳ ನೋಟೀಸು ಬೇಕು. ಕರಾರಿನಲ್ಲಿ ಬೇರೆ ಅವಧಿ ಬರೆದಿದ್ದರೆ ಅದರಂತೆ. ತಿಂಗಳ ಕೊನೆಗೇ ನೋಟೀಸಿನ ಅವಧಿ ಮುಗಿಯಬೇಕೆಂಬ ಹಳೆಯ ತಾಂತ್ರಿಕ ತೊಡಕನ್ನು 2002ರ ತಿದ್ದುಪಡಿ ನಿವಾರಿಸಿದೆ. ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಪತ್ರವನ್ನು ನೋಂದಾಯಿಸಲೇಬೇಕು. ನಾವು ಹನ್ನೊಂದು ತಿಂಗಳ ಕರಾರಿಗೆ ಅಂಟಿಕೊಂಡಿರುವುದು ಇದೇ ಕಾರಣಕ್ಕೆ. ಆದರೆ ನೋಟರಿಯ ಮುದ್ರೆ ನೋಂದಣಿಗೆ ಸಮವಲ್ಲ. ತಕ್ಕ ಮುದ್ರಾಂಕ ಶುಲ್ಕ ಕಟ್ಟದ ಪತ್ರವನ್ನು ನ್ಯಾಯಾಲಯದ ಮುಂದಿಟ್ಟರೆ ಶುಲ್ಕದ ಜೊತೆಗೆ ದಂಡವನ್ನೂ ತೆರುವವರೆಗೆ ಅದು ಸಾಕ್ಷ್ಯವಾಗದು. ಹನ್ನೊಂದು ತಿಂಗಳು ಮುಗಿದ ಮೇಲೂ ಮಾಲೀಕ ಬಾಡಿಗೆ ಪಡೆಯುತ್ತ ಬಂದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ತಾನಾಗಿ ಮುಂದುವರಿಯುತ್ತದೆ.

“ಬಹಳ ವರ್ಷ ಇದ್ದರೆ ಮನೆ ಬಾಡಿಗೆದಾರನದೇ ಆಗಿಬಿಡುತ್ತದಂತೆ” ಎಂಬ ಭಯ ನಮ್ಮ ಹಿರಿಯರಲ್ಲಿ ಬೇರೂರಿದೆ. ಆ ತಾಯಿಯ ಮಗನನ್ನು ಅವಸರಕ್ಕೆ ದೂಡಿದ್ದೂ ಇದೇ ಭಯ. ಇದಕ್ಕೆ ಆಧಾರವಿಲ್ಲ. ಮಾಲೀಕನ ಒಪ್ಪಿಗೆಯಿಂದ ಒಳಗೆ ಬಂದವನು ಬಾಡಿಗೆದಾರನಾಗಿ ಇರುವಷ್ಟು ಕಾಲ ಮಾಲೀಕತ್ವವನ್ನೇ ಅಲ್ಲಗಳೆಯಲಾರ. 1872ರ ಸಾಕ್ಷ್ಯ ಕಾಯ್ದೆಯ ಈ ತತ್ತ್ವವನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಉಳಿಸಿಕೊಂಡಿದೆ. ಬಾಡಿಗೆ ಕರಾರು ಮತ್ತು ರಸೀದಿಗಳು ಇರುವವರೆಗೆ ಮಾಲೀಕ ನಿಶ್ಚಿಂತನಾಗಿರಬಹುದು. ಕಾಗದ ಬರೆಯದೆ, ರಸೀದಿ ಕೊಡದೆ, ಕೈಯಿಂದ ಕೈಗೆ ಹಣ ಪಡೆಯುವವನೇ ನಿಜವಾಗಿ ಹೆದರಬೇಕಾದವನು.

ಇನ್ನು ಆ ಬೀಗದ ಪ್ರಶ್ನೆ. ಮನೆ ತನ್ನದಾದ ಮೇಲೆ ಬೀಗ ಹಾಕುವ ಹಕ್ಕೂ ತನ್ನದೇ ಎಂಬುದು ಸಹಜವಾಗಿ ಹುಟ್ಟುವ ತರ್ಕ. ಕಾನೂನು ಇದನ್ನು ಒಪ್ಪುವುದಿಲ್ಲ. ಒಡೆತನ ಬೇರೆ, ಸ್ವಾಧೀನ ಬೇರೆ. ಬಾಡಿಗೆಗೆ ಕೊಟ್ಟ ದಿನವೇ ಮಾಲೀಕ ಒಡೆತನವನ್ನು ಉಳಿಸಿಕೊಂಡು ಸ್ವಾಧೀನವನ್ನು ಬಿಟ್ಟುಕೊಟ್ಟಿರುತ್ತಾನೆ. ಕರ್ನಾಟಕದಿಂದ ಹೋದ ರಾಮೇಗೌಡ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ಅದು ಬಾಡಿಗೆಯ ವ್ಯಾಜ್ಯವಲ್ಲ, ನೆಲದ ವ್ಯಾಜ್ಯ. ಆದರೂ ಅದು ಹೇಳಿದ ತತ್ತ್ವ ಎಲ್ಲರಿಗೂ ಸಲ್ಲುತ್ತದೆ: ನೆಲೆಗೊಂಡ ಸ್ವಾಧೀನದಲ್ಲಿರುವವನನ್ನು ನಿಜವಾದ ಒಡೆಯನೂ ತೋಳ್ಬಲದಿಂದ ಹೊರಹಾಕುವಂತಿಲ್ಲ, ಕಾನೂನಿನ ಮಾರ್ಗವನ್ನೇ ಹಿಡಿಯಬೇಕು. ಹಾಗೆ ಹೊರಹಾಕಲ್ಪಟ್ಟವನು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿದರೆ, ಮನೆ ಯಾರದೆಂಬ ಪ್ರಶ್ನೆಗೆ ಹೋಗದೆಯೇ ನ್ಯಾಯಾಲಯ ಸ್ವಾಧೀನವನ್ನು ಮರಳಿ ಕೊಡಿಸಬಲ್ಲದು. ಬೀಗ ಜಡಿದು ಗೆದ್ದೆನೆಂದುಕೊಂಡ ಮಾಲೀಕ ಆಗ ಪ್ರತಿವಾದಿಯ ಸ್ಥಾನದಲ್ಲಿ ನಿಲ್ಲಬೇಕಾದೀತು. ನೀರು, ವಿದ್ಯುತ್ತು ಕಡಿದುಹಾಕುವುದೂ ಇದೇ ಜಾತಿಯ ಬಲಪ್ರಯೋಗ. ಮಾಲೀಕ ಒಪ್ಪಿಗೆ ಪತ್ರ ಕೊಡಲಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರನಿಗೆ ವಿದ್ಯುತ್ ನಿರಾಕರಿಸಲಾಗದು, ಅದು ಮೂಲಭೂತ ಸೌಲಭ್ಯ ಎಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿದೆ. ನಮ್ಮ ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಒಂದು ರಾತ್ರಿ ಫ್ಯಾನಿಲ್ಲದೆ ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಬಾಡಿಗೆ ಕೊಡದವನನ್ನು ಸಹಿಸಿಕೊಂಡೇ ಇರಬೇಕೆ? ಇಲ್ಲ. ಬಾಡಿಗೆದಾರನ ನೆಮ್ಮದಿಯ ವಾಸದ ಹಕ್ಕನ್ನು ಹೇಳುವ 108ನೇ ಕಲಮು ಅದೇ ಉಸಿರಿನಲ್ಲಿ ಒಂದು ಷರತ್ತನ್ನೂ ಹಾಕಿದೆ: ಆತ ಬಾಡಿಗೆ ಕೊಡುತ್ತಿರಬೇಕು, ಕರಾರಿನ ಮಾತುಗಳನ್ನು ನಡೆಸುತ್ತಿರಬೇಕು. ಮನೆಯನ್ನು ವಿವೇಕಿಯಾದವನು ತನ್ನ ಸ್ವಂತದ್ದನ್ನು ಬಳಸುವಂತೆ ಬಳಸಬೇಕು, ಸಹಜ ಸವೆತವನ್ನು ಬಿಟ್ಟು ಉಳಿದಂತೆ ಕೊಂಡ ಸ್ಥಿತಿಯಲ್ಲೇ ಒಪ್ಪಿಸಬೇಕು, ಅವಧಿ ಮುಗಿದಾಗ ಬಿಟ್ಟುಕೊಡಬೇಕು. ದುಡಿದವನ ಕೂಲಿ ಹಿಡಿದಿಟ್ಟುಕೊಳ್ಳುವುದು ಪಾಪವೆಂದು ನಾವು ಬೋಧಿಸುತ್ತೇವೆ. ವಿಧವೆಯೊಬ್ಬಳು ಬದುಕುವ ಬಾಡಿಗೆಯನ್ನು ಶಕ್ತಿಯಿದ್ದೂ ಹಿಡಿದಿಟ್ಟುಕೊಳ್ಳುವುದು ಅದಕ್ಕಿಂತ ಕಡಿಮೆಯದಲ್ಲ. “ಮಾಲೀಕರಿಗೇನು ಕೊರತೆ” ಎಂದು ಹೇಳಿ ಮನಸ್ಸಾಕ್ಷಿಯನ್ನು ಮಲಗಿಸುವ ಬಾಡಿಗೆದಾರ ಬಂಧುಗಳು ಇದನ್ನು ಮನಗಾಣಬೇಕು. ಎಲ್ಲ ಮಾಲೀಕರೂ ಸಾಹುಕಾರರಲ್ಲ.

ದಾರಿ ಇದೆ. ನೋಟೀಸು ಕೊಟ್ಟು, ಅವಧಿ ಮುಗಿದ ಮೇಲೆ ಸಿವಿಲ್ ನ್ಯಾಯಾಲಯದಲ್ಲಿ ತೆರವಿನ ದಾವೆ ಹೂಡಬಹುದು. ಬಾಡಿಗೆ ಕೊಡದ ಕಾರಣಕ್ಕಾಗಿಯೇ ಕರಾರು ಮುರಿದು ದಾವೆ ಹೂಡಿದ್ದಲ್ಲಿ, ಬಾಕಿ, ಬಡ್ಡಿ, ಖರ್ಚುಗಳನ್ನು ವಿಚಾರಣೆಯ ವೇಳೆ ಪೂರ್ತಿ ಕಟ್ಟಿದವನಿಗೆ ಇನ್ನೊಂದು ಅವಕಾಶ ಕೊಡುವ ವಿವೇಚನೆಯನ್ನು 114ನೇ ಕಲಮು ನ್ಯಾಯಾಲಯಕ್ಕೆ ಕೊಟ್ಟಿದೆ. ದಾವೆಗೆ ಮೊದಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್ತಿನಲ್ಲಿ ರಾಜಿಗೆ ಯತ್ನಿಸಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ದೊರೆಯುತ್ತದೆ. ಮಾಲೀಕಳಾದ ವಿಧವೆಗೂ ಇದು ಸಲ್ಲುತ್ತದೆ, ಬಾಡಿಗೆಗಿರುವ ದಾದಿಗೂ ಸಲ್ಲುತ್ತದೆ. ಈ ಸಂಗತಿ ನಮ್ಮ ಎಷ್ಟು ಮನೆಗಳಿಗೆ ಗೊತ್ತಿದೆ?

“ಫಾದರ್, ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆಯಬೇಕು, ನಿಮಗೇನು ಗೊತ್ತು, ನಿಮಗೆ ಬ್ಯಾಂಕಿನ ಕಂತಿಲ್ಲ” ಎಂದು ಒಬ್ಬ ಮಾಲೀಕರು ನನ್ನನ್ನು ನೇರವಾಗಿ ಕೇಳಿದ್ದುಂಟು. ಅವರ ಮಾತಿನಲ್ಲಿ ಸತ್ಯವಿದೆ, ನಾನದನ್ನು ಒಪ್ಪುತ್ತೇನೆ. ನ್ಯಾಯ ತಡವಾಗುವುದು ಮಾಲೀಕನಿಗೂ ಹಿಂಸೆಯೇ. ಆದರೆ ತಡವಾದ ನ್ಯಾಯಕ್ಕೆ ಪರಿಹಾರ ಅವಸರದ ಅನ್ಯಾಯವಲ್ಲ. ಕೋರ್ಟಿನ ಮೆಟ್ಟಿಲೇರದಂತೆ ಮಾಡುವ ಕೆಲಸ ಶುರುವಾಗಬೇಕಾದದ್ದು ಮನೆ ಬಾಡಿಗೆಗೆ ಕೊಡುವ ಮೊದಲ ದಿನ, ಕರಾರು ಬರೆಯುವ ಮೇಜಿನ ಬಳಿ.

ಇಲ್ಲಿಯೇ ನಾನು ಹೇಳಬೇಕಾದ ಮುಖ್ಯ ಮಾತಿರುವುದು. ಹೆಚ್ಚಿನ ಮನೆಗಳ ಮೇಲಿನಿಂದ ಬಾಡಿಗೆ ಕಾಯ್ದೆ ತನ್ನ ಕೈಯನ್ನು ತೆಗೆದುಕೊಂಡಿದೆ. ಉಳಿದಿರುವುದು ಕರಾರು. ಇಬ್ಬರು ಸ್ವತಂತ್ರರು, ಸಮಾನರು, ಯೋಚಿಸಿ ಒಪ್ಪಿಕೊಂಡರೆಂಬುದು ಕರಾರಿನ ತಳಹದಿಯಾದ ಕಲ್ಪನೆ. ಆದರೆ ನಾಳೆ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬೇಕಾದ, ಕೈಯಲ್ಲಿ ಮಗುವನ್ನು ಹಿಡಿದು ಹತ್ತನೆಯ ಮನೆಯ ಬಾಗಿಲು ತಟ್ಟುತ್ತಿರುವ ಹೆಣ್ಣುಮಗಳು ಎಷ್ಟರ ಮಟ್ಟಿಗೆ ಸ್ವತಂತ್ರಳು? ಹತ್ತು ತಿಂಗಳ ಮುಂಗಡ ಕೇಳಿದರೂ ಆಕೆ ‘ಆಗಲಿ’ ಎನ್ನುತ್ತಾಳೆ. ಆ ‘ಆಗಲಿ’ ಒಪ್ಪಿಗೆಯಂತೆ ಕೇಳುತ್ತದೆ, ಅದರ ಒಳಗಿರುವುದು ಅಸಹಾಯಕತೆ. ಪೋಪ್ 13ನೇ ಲಿಯೋ ಅವರು 1891ರ ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ ಕಾರ್ಮಿಕನ ಕೂಲಿಯನ್ನು ಕುರಿತು ಇಂಥದೇ ವಿಚಾರವನ್ನು ಮಂಡಿಸಿದರು. ಬೇರೆ ದಾರಿಯಿಲ್ಲದೆ ಕಠಿಣ ಷರತ್ತಿಗೆ ತಲೆಬಾಗಿದವನು ಒಪ್ಪಿದ್ದಾನೆಂಬ ಮಾತ್ರಕ್ಕೆ ಆ ಒಪ್ಪಂದ ನ್ಯಾಯವಾಗದು. ಕರಾರಿಗಿಂತ ಹಿರಿದಾದ ಸಹಜ ನ್ಯಾಯವೊಂದಿದೆ ಎಂಬುದು ಅವರ ವಾದದ ತಿರುಳು. ಕೂಲಿಗೆ ಸಲ್ಲುವ ಈ ವಿವೇಕ ಸೂರಿಗೆ ಏಕೆ ಸಲ್ಲಬಾರದು?

ಅವರಿಗಿಂತ ಆರು ಶತಮಾನಗಳ ಹಿಂದೆ ಸಂತ ಥಾಮಸ್ ಅಕ್ವಿನಾಸರು ಸ್ವತ್ತಿನ ಬಗೆಗೆ ಒಂದು ಸೂಕ್ಷ್ಮವನ್ನು ಗುರುತಿಸಿದ್ದರು. ವಸ್ತುಗಳನ್ನು ಸಂಪಾದಿಸಿ ನಿರ್ವಹಿಸುವ ಹಕ್ಕು ವ್ಯಕ್ತಿಗೆ ಇರುವುದು ಯುಕ್ತ, ಇಲ್ಲವಾದರೆ ಯಾರೂ ಅವುಗಳನ್ನು ಕಾಳಜಿಯಿಂದ ನೋಡಿಕೊಳ್ಳಲಾರರು. ಆದರೆ ಬಳಕೆಯ ವಿಷಯ ಬಂದಾಗ, ಕೊರತೆಯಲ್ಲಿರುವವರೊಡನೆ ಹಂಚಿಕೊಳ್ಳುವ ಸಿದ್ಧತೆಯಿಂದ ಅವುಗಳನ್ನು ಹಿಡಿದುಕೊಂಡಿರಬೇಕು. ಬಾಡಿಗೆ ಮನೆ ಈ ವಿಚಾರಕ್ಕೆ ಒಪ್ಪುವ ಒಳ್ಳೆಯ ಉದಾಹರಣೆ: ಮನೆ ಒಬ್ಬರದು, ಬದುಕು ಇನ್ನೊಬ್ಬರದು. ಯಾಜಕಕಾಂಡದ 25ನೇ ಅಧ್ಯಾಯವಂತೂ ನೆಲದ ನಿಜವಾದ ಒಡೆಯ ದೇವರೇ, ನಾವೆಲ್ಲರೂ ಆತನ ಬಳಿ ಇಳಿದುಕೊಂಡವರು ಎಂಬರ್ಥದ ಮಾತನ್ನಾಡುತ್ತದೆ. ಆ ಲೆಕ್ಕದಲ್ಲಿ ಮನೆ ಕಟ್ಟಿಸಿದವನೂ ಬಾಡಿಗೆದಾರನೇ.

ಆದ್ದರಿಂದ ನನ್ನ ಸೂಚನೆ ಇಷ್ಟು: ಕಾನೂನು ಬಿಟ್ಟುಬಿಟ್ಟದ್ದನ್ನು ನಾವೇ ಕರಾರಿನೊಳಗೆ ಬರೆಯೋಣ. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇದಕ್ಕೊಂದು ಒಳ್ಳೆಯ ಮೇಲ್ಪಂಕ್ತಿ. ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಶಾಸನದ ಮೂಲಕ ಅಳವಡಿಸಿಕೊಂಡಾಗಲಷ್ಟೇ ಅದಕ್ಕೆ ಬಲ ಬರುತ್ತದೆ. ಆದರೆ ಒಳ್ಳೆಯ ಮಾತನ್ನು ಪಾಲಿಸಲು ಗೆಜೆಟ್ ಪ್ರಕಟಣೆಗೆ ಕಾಯಬೇಕೆಂದಿಲ್ಲ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಬೇಡವೆಂದು ಆ ಮಾದರಿ ಹೇಳುತ್ತದೆ. ಮಾಲೀಕ ಮನೆಯೊಳಗೆ ಬರಬೇಕಾದರೆ 24 ಗಂಟೆ ಮೊದಲು ತಿಳಿಸಬೇಕೆನ್ನುತ್ತದೆ. ಮಾಲೀಕನ ಹಿತವನ್ನೂ ಅದು ಮರೆತಿಲ್ಲ. ಅವಧಿ ಮುಗಿದರೂ ಬಿಡದ ಬಾಡಿಗೆದಾರ ಮೊದಲ ಎರಡು ತಿಂಗಳು ಎರಡು ಪಟ್ಟು, ಆ ಬಳಿಕ ನಾಲ್ಕು ಪಟ್ಟು ಬಾಡಿಗೆ ತೆರಬೇಕೆನ್ನುತ್ತದೆ. ಇವುಗಳ ಜೊತೆಗೆ ಬಾಡಿಗೆ ಯಾವಾಗ, ಎಷ್ಟು ಏರುತ್ತದೆ. ನಲ್ಲಿ, ವೈರಿಂಗು, ಸೋರುವ ಚಾವಣಿಯ ದುರಸ್ತಿ ಯಾರ ಹೊಣೆ. ಜೆಸ್ಕಾಂ ಬಿಲ್ಲು, ನೀರಿನ ಬಿಲ್ಲು ಯಾರದು. ಬಿಡುವಾಗ ಸುಣ್ಣಬಣ್ಣಕ್ಕೆಂದು ಎಷ್ಟು ಹಿಡಿಯಲಾಗುತ್ತದೆ. ಠೇವಣಿ ಎಷ್ಟು ದಿನದೊಳಗೆ ಮರಳುತ್ತದೆ, ಇವನ್ನೆಲ್ಲ ಕನ್ನಡದಲ್ಲಿ, ಇಬ್ಬರಿಗೂ ಓದಿ ಹೇಳಿ, ಎರಡು ಪ್ರತಿ ಬರೆದು, ಒಂದನ್ನು ಬಾಡಿಗೆದಾರನ ಕೈಗೆ ಕೊಡಬೇಕು. ಪ್ರತಿ ತಿಂಗಳೂ ರಸೀದಿ ಕೊಡಬೇಕು. ಕಷ್ಟ ಬಂದ ತಿಂಗಳು ಬಾಡಿಗೆದಾರ ಮುಖ ತಪ್ಪಿಸಿಕೊಳ್ಳದೆ ಮೊದಲೇ ಬಂದು ಹೇಳಬೇಕು. ಮಾಲೀಕ ಕುಳಿತು ಕೇಳಬೇಕು.

ಇನ್ನೊಂದು ಮಾತು. ಮನೆ ಕೊಡುವ ಮೊದಲು “ನೀವು ಯಾವ ಜನ?” ಎಂದು ಕೇಳುವ ಪದ್ಧತಿಯಿಂದ ನೊಂದವರು ನಮ್ಮಲ್ಲಿ ಬಹಳಷ್ಟು ಮಂದಿ ಇದ್ದಾರೆ. ಶಿಲುಬೆಯ ಸರವನ್ನು ಕಂಡು, ಅಡುಗೆಮನೆಯ ಪ್ರಶ್ನೆಯೆತ್ತಿ, ಮನೆಯಿಲ್ಲವೆಂದವರನ್ನು ನಾವು ಮರೆತಿಲ್ಲ. ಅದೇ ನಾವು ಮಾಲೀಕರಾದ ದಿನ ಅದೇ ಪ್ರಶ್ನೆಯನ್ನು ಬೇರೆಯವರಿಗೆ ಕೇಳುವುದಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ದೇಶದ ಮೊದಲ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯಲ್ಲಿ. ಅಂದು ದೇಶದ ಹಲವೆಡೆ ದಾದಿಯರಿಗೂ ವೈದ್ಯರಿಗೂ ಮನೆ ಬಿಡುವಂತೆ ಮಾಲೀಕರು ಹೇಳಿದ ಸುದ್ದಿಗಳು ಬಂದವು. ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು, ಕಾರ್ಮಿಕರನ್ನೂ ವಿದ್ಯಾರ್ಥಿಗಳನ್ನೂ ಮನೆಯಿಂದ ಹೊರಡಿಸಬಾರದು ಎಂದು ಕೇಂದ್ರ ಗೃಹ ಸಚಿವಾಲಯ ಮಾರ್ಚ್ 29ರಂದು ಆಜ್ಞೆ ಹೊರಡಿಸಬೇಕಾಯಿತು. ಮನುಷ್ಯರು ತಾವಾಗಿ ಮಾಡಬೇಕಾದದ್ದನ್ನು ವಿಪತ್ತು ನಿರ್ವಹಣಾ ಕಾಯ್ದೆಯ ಬಲದಿಂದ ಹೇಳಿಸಿಕೊಳ್ಳಬೇಕಾಗಿ ಬಂದದ್ದು ನಮ್ಮೆಲ್ಲರಿಗೂ ನಾಚಿಕೆಯ ಸಂಗತಿ.

ಇಷ್ಟೆಲ್ಲ ಬರೆದು, ನಮ್ಮ ಸ್ವಂತ ಲೆಕ್ಕಪುಸ್ತಕವನ್ನು ಮುಚ್ಚಿಟ್ಟರೆ ಅದು ಅಪ್ರಾಮಾಣಿಕತೆಯಾದೀತು. ಚರ್ಚುಗಳಿಗೂ ಬಾಡಿಗೆಯ ಮಳಿಗೆಗಳಿವೆ, ಮನೆಗಳಿವೆ. ಧಾರ್ಮಿಕ ಮತ್ತು ದತ್ತಿ ಸಂಸ್ಥೆಗಳಿಗೆ ಸೇರಿದ ಕಟ್ಟಡಗಳನ್ನು 1999ರ ಕಾಯ್ದೆ ತನ್ನ ವ್ಯಾಪ್ತಿಯಿಂದ ಪೂರ್ತಿಯಾಗಿ ಹೊರಗಿಟ್ಟಿದೆ. ಬಾಡಿಗೆ ಎಷ್ಟೇ ಕಡಿಮೆಯಿರಲಿ, ಆ ಕಾಯ್ದೆಯ ರಕ್ಷಣೆ ನಮ್ಮ ಬಾಡಿಗೆದಾರರಿಗಿಲ್ಲ. ಶಾಸಕರು ಹಾಗೇಕೆ ಮಾಡಿದರು? ಧರ್ಮದ ಹೆಸರಿನ ಸಂಸ್ಥೆ ಲಾಭಕ್ಕಾಗಿ ಬಡವನನ್ನು ಹಿಂಡಲಾರದೆಂಬ ನಂಬಿಕೆ ಅದರ ಹಿಂದಿದ್ದೀತೆಂದು ನಾನು ಭಾವಿಸುತ್ತೇನೆ. ಆ ನಂಬಿಕೆಗೆ ನಾವು ಅರ್ಹರೇ ಎಂಬುದು ಪ್ರಶ್ನೆ. ಹಿಂದೆ ನಾನು ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಬಟ್ಟೆ ಹೊಲಿಯುವವನೊಬ್ಬ ನಮ್ಮ ಮಳಿಗೆಯಲ್ಲಿದ್ದ. ಆವರಣದ ಗೋಡೆ ಕಟ್ಟಿಸುವ ಖರ್ಚು ಎದುರಾದಾಗ ನಾನು ಒಂದೇ ಮಾತಿನಲ್ಲಿ, ಕಾಗದವಿಲ್ಲದೆ, ಮುಂದಿನ ತಿಂಗಳಿನಿಂದಲೇ ಅವನ ಬಾಡಿಗೆಯನ್ನು ಒಂದೂವರೆ ಪಟ್ಟು ಮಾಡಿದೆ. ಆತ ಎದುರಾಡಲಿಲ್ಲ. ಮೂರು ತಿಂಗಳು ಕೊಟ್ಟು, ನಾಲ್ಕನೆಯ ತಿಂಗಳು ಹೊಲಿಗೆ ಯಂತ್ರವನ್ನು ಕೈಗಾಡಿಗೆ ಹೇರಿಕೊಂಡು ಹೋದ. ಅವನ ಮೌನವನ್ನು ನಾನು ಒಪ್ಪಿಗೆಯೆಂದು ತಿಳಿದಿದ್ದೆ. ತತ್ತ್ವಶಾಸ್ತ್ರ ಓದಿದ್ದರೂ ಅಂದು ನನಗದು ಹೊಳೆಯಲಿಲ್ಲ. ಗೋಡೆ ಈಗಲೂ ಇದೆ.

ಕಾನೂನು ಯಾರನ್ನು ತನ್ನ ಹಿಡಿತದಿಂದ ಬಿಟ್ಟಿದೆಯೋ ಅವರ ಮೇಲೆ ಮನಸ್ಸಾಕ್ಷಿಯ ಹಿಡಿತ ಇನ್ನಷ್ಟು ಬಿಗಿಯಾಗಬೇಕು. ಆದುದರಿಂದ ಮೇಲೆ ಹೇಳಿದ ಬಗೆಯ ಕರಾರು ಮೊದಲು ನಮ್ಮ ಚರ್ಚಿನ ಮಳಿಗೆಗಳಿಂದಲೇ ಆರಂಭವಾಗಬೇಕೆಂದು ನಮ್ಮ ಪಾಲನಾ ಸಮಿತಿಯ ಮುಂದೆ ಕೇಳಿಕೊಂಡಿದ್ದೇನೆ. ಇತರ ಧರ್ಮಕೇಂದ್ರಗಳೂ, ಸಂಘಸಂಸ್ಥೆಗಳೂ ಇದನ್ನು ಯೋಚಿಸಲಿ.

ಆ ತಾಯಿಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಒಂದು ಸಂಜೆ ಇಬ್ಬರನ್ನೂ ಕಚೇರಿಯ ಮೇಜಿನ ಎದುರುಬದುರು ಕೂರಿಸಿದೆವು. ನಮ್ಮ ಧರ್ಮಕೇಂದ್ರದ ವಕೀಲರೊಬ್ಬರು ಜೊತೆಗಿದ್ದರು. ಬಾಡಿಗೆ ತಿಂಗಳಿಗೆ 6000 ರೂಪಾಯಿ, ನಾಲ್ಕು ತಿಂಗಳ ಬಾಕಿ 24,000. ಮುಂಗಡವಾಗಿ ಕೊಟ್ಟದ್ದು ಎಷ್ಟೆಂದು ವಕೀಲರು ಕೇಳಿದರು. 20,000 ಎಂಬ ಉತ್ತರ ಬಂತು. ಆ ಹಣ ಪತಿಯ ಕೊನೆಯ ಕಾಯಿಲೆಗೆ ಖರ್ಚಾಗಿಹೋಗಿತ್ತು, ಅದು ತಮ್ಮ ಬಳಿ ಇರುವ ಇನ್ನೊಬ್ಬರ ಹಣವೆಂಬುದೇ ಆ ತಾಯಿಗೆ ಮರೆತಿತ್ತು. ಎಂದರೆ ಬಾಗಿಲಿಗೆ ಬೀಗ ಬಿದ್ದ ದಿನ ಆ ಯುವಕನ ನಿಜವಾದ ಬಾಕಿ 4000 ರೂಪಾಯಿ. ಅವನ ತಪ್ಪೂ ಹೊರಬಿತ್ತು. ಖಾಸಗಿ ಕೆಲಸ ಹೋದದ್ದನ್ನು ನಾಲ್ಕು ತಿಂಗಳು ಮುಚ್ಚಿಟ್ಟು, “ನಾಳೆ ಕೊಡ್ತೀನಮ್ಮ” ಎಂದು ಸುಳ್ಳು ಹೇಳುತ್ತ ಬಂದಿದ್ದ.

ಮಗುವಿನ ಶಾಲೆಯ ಪರೀಕ್ಷೆ ಮುಗಿಯುವವರೆಗೆ ಇದ್ದು, ಅಷ್ಟು ದಿನದ ಬಾಡಿಗೆಯನ್ನು ತಪ್ಪದೆ ಕೊಟ್ಟು, ಮನೆ ಬಿಡುವುದೆಂದೂ, ಮುಂಗಡವನ್ನು ಬಾಕಿಗೆ ವಜಾ ಮಾಡಿ ಉಳಿದ 4000ವನ್ನು ನಾಲ್ಕು ಕಂತಿನಲ್ಲಿ ತೀರಿಸುವುದೆಂದೂ ಬರೆದುಕೊಂಡರು. ಹಾಗೆಯೇ ಮನೆ ಬಿಟ್ಟರು. ಎರಡು ಕಂತು ಬಂದಿದೆ, ಎರಡು ಬರಬೇಕಿದೆ. ಬರುತ್ತದೆಂದು ಆ ತಾಯಿ ನಂಬಿದ್ದಾರೆ. ನಾನೂ ನಂಬಿದ್ದೇನೆ, ಆದರೆ ತಿಂಗಳ ಮೊದಲ ವಾರ ಅವನಿಗೆ ನೆನಪು ಮಾಡುವುದನ್ನು ಬಿಟ್ಟಿಲ್ಲ.

ಹೋಗುವ ದಿನ ಆ ಯುವಕನ ಪತ್ನಿ ಮೇಲಿನ ಮನೆಯನ್ನು ಗುಡಿಸಿ ಒರೆಸಿ, ಬೀಗದ ಕೈಯನ್ನು ಆ ತಾಯಿಯ ಅಂಗೈಗೆ ಕೊಟ್ಟು ಕಾಲಿಗೆ ನಮಸ್ಕರಿಸಿದಳಂತೆ. ಅಂದು ರಾತ್ರಿ ನಿದ್ದಿ ಹತ್ತಿತು ಎಂದು ಆ ತಾಯಿ ಮುಂದಿನ ಭಾನುವಾರ ಹೇಳಿದರು. ಈಗ ಆ ಮನೆಗೆ ಹೊಸ ಬಾಡಿಗೆದಾರರು ಬಂದಿದ್ದಾರೆ. ಕರಾರು ಪತ್ರ ಎರಡು ಪುಟವಿದೆ, ಕನ್ನಡದಲ್ಲಿದೆ. ಮುಂಗಡ ಎರಡು ತಿಂಗಳದ್ದು. ಆ ಹಣವನ್ನು ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಬೇರೆಯಾಗಿಯೇ ಇಟ್ಟಿದ್ದಾರೆ.

ನಿಮ್ಮ ಮನೆಯ ಕರಾರು ಎಲ್ಲಿದೆ? ಈ ಭಾನುವಾರ ಊಟವಾದ ಮೇಲೆ ಅದನ್ನೊಮ್ಮೆ ಹೊರತೆಗೆದು ಓದಿ. ಇಲ್ಲವೆಂದಾದರೆ, ಮೇಲಿನ ಮನೆಯವರನ್ನು ಚಹಕ್ಕೆ ಕರೆದು ಕುಳಿತು ಬರೆಯಿರಿ.